ಎರಡು ದಿನಕ್ಕೆ ಮೂರು ಜಾಗ ಸಾಕು: ಬೆಂಗಳೂರು ಪ್ರವಾಸ ಹೊರಡಿಸುವ ಕೊಡಗಿನ ಶಾಲೆಗಳಿಗೆ ಒಂದು ಬಹಿರಂಗ ಪತ್ರ

ಕೊಡಗು ಜಿಲ್ಲೆಯ ಪ್ರೌಢಶಾಲೆಗಳ ಮುಖ್ಯ ಶಿಕ್ಷಕರಿಗೆ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರಿಗೆ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮತ್ತು ಉಪನಿರ್ದೇಶಕರಿಗೆ,

ಮಾನ್ಯರೇ,

ಶನಿವಾರ ಬಂತೆಂದರೆ ಮಡಿಕೇರಿಯಲ್ಲಿ ಎಲ್ಲರ ಬಾಯಲ್ಲೂ ಒಂದೇ ದೂರು. ಬೆಂಗಳೂರಿನವರು ರಾತ್ರಿಯೇ ಹೊರಟು ಬರುತ್ತಾರೆ, ಬೆಳಿಗ್ಗೆ ಅಬ್ಬಿ, ಮಧ್ಯಾಹ್ನ ದುಬಾರೆ, ಸಂಜೆ ರಾಜಾಸೀಟು, ನಡುವೆ ಸಂದು ಸಿಕ್ಕರೆ ತಲಕಾವೇರಿ. ಏನನ್ನೂ ನೆಟ್ಟಗೆ ನೋಡದೆ ರಸ್ತೆ ತುಂಬಿಸಿ ಹೋಗುತ್ತಾರೆ ಎಂದು. ದೂರು ಸುಳ್ಳಲ್ಲ. ಆದರೆ ನಮ್ಮ ಶಾಲೆಗಳು ಬೆಂಗಳೂರಿಗೆ ಹೋಗಿ ಮಾಡಿ ಬರುವುದೂ ಇದನ್ನೇ. ವಿಧಾನಸೌಧ, ಕಬ್ಬನ್ ಪಾರ್ಕು, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ, ಲಾಲ್‌ಬಾಗ್, ಅರಮನೆ, ಬನ್ನೇರುಘಟ್ಟ, ಕೊನೆಗೆ ಒಂದು ಮಾಲ್: ಒಂದು ಹಗಲಿಗೆ ಎಂಟು ಜಾಗ. ನೋಟಿಸ್ ಬೋರ್ಡಿನಲ್ಲಿ ಈ ಪಟ್ಟಿ ಚೆನ್ನಾಗಿ ಕಾಣುತ್ತದೆ. ಬಸ್ಸಿನಿಂದ ಇಳಿದ ಮಗುವಿಗೆ ನೆನಪಿರುವುದು ಮಾಲಿನ ಎಸ್ಕಲೇಟರ್ ಮಾತ್ರ.

ಶಾಲಾ ಪ್ರವಾಸಗಳನ್ನು ಹೊಂದಿಸುವ ಶಿಕ್ಷಕರು ಮತ್ತು ಆ ಬಸ್ಸುಗಳನ್ನು ಓಡಿಸುವ ಚಾಲಕರು ಸೇರಿ ಇದನ್ನು ಬರೆಯುತ್ತಿದ್ದೇವೆ. ಈ ಸಲದ ಪ್ರವಾಸಕ್ಕೆ ಅನುಮತಿ ಕೇಳುವ ಮೊದಲು, ಅನುಮತಿ ಕೊಡುವ ಮೊದಲು, ದಯವಿಟ್ಟು ಒಮ್ಮೆ ಗಂಟೆಗಳ ಲೆಕ್ಕ ಹಾಕಿ.

ಮೈಸೂರಿನ ಮೇಲೆ ಹೋದರೆ ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಮೈಸೂರಿನವರೆಗಿನ 120 ಕಿಲೋಮೀಟರಿಗೆ ಮಕ್ಕಳ ಬಸ್ಸು ತಿಂಡಿಯ ನಿಲುಗಡೆಯೂ ಸೇರಿ ಮೂರೂವರೆ ಗಂಟೆ ತೆಗೆದುಕೊಳ್ಳುತ್ತದೆ. ಅಲ್ಲಿಂದ ಕೆಂಗೇರಿಗೆ ಎರಡು, ಎರಡೂವರೆ ಗಂಟೆ. ಕೆಂಗೇರಿಯಿಂದ ನಗರದ ನಡುಭಾಗಕ್ಕೆ ದೂರ ಕಡಿಮೆ, ಸಮಯ ಮಾತ್ರ ಕಡಿಮೆಯಲ್ಲ. ಬೆಳಗಿನ ಹೊತ್ತು ಗಂಟೆಯ ಮೇಲೆಯೇ ಬೇಕು. ಹೋಗಲು ಏಳು, ಬರಲು ಏಳು. ಬೆಳಗಿನ ನಾಲ್ಕಕ್ಕೆ ಹೊರಟು ನಡುರಾತ್ರಿಗೆ ಮರಳಿದರೂ ನಗರದಲ್ಲಿ ಕೈಗೆ ಸಿಗುವುದು ಐದಾರು ಗಂಟೆ. ಅದನ್ನು ಎಂಟು ಜಾಗಕ್ಕೆ ಹಂಚಿದರೆ ಒಂದೊಂದಕ್ಕೆ ನಲವತ್ತು ನಿಮಿಷ. 45 ಮಕ್ಕಳು ಒಂದೇ ಬಾಗಿಲಿನಿಂದ ಇಳಿಯಲು ಐದು ನಿಮಿಷ ಬೇಕು, ಹತ್ತಿ ಕೂತು ಎಣಿಕೆ ಮುಗಿಯಲು ಹತ್ತು. ಒಂದು ಜಾಗದಿಂದ ಇನ್ನೊಂದಕ್ಕೆ ಹೋಗುವ ಹೊತ್ತನ್ನು ಇನ್ನೂ ಕಳೆದಿಲ್ಲ. ಕಳೆದರೆ ಉಳಿಯುವುದು ಗೇಟಿನ ಮುಂದೆ ಫೋಟೋ ತೆಗೆಯುವಷ್ಟು ಸಮಯ.

ನಾಲ್ಕು ಗಂಟೆಗೆ ಹೊರಡುವುದರಲ್ಲಿ ಇನ್ನೊಂದು ತೊಂದರೆಯೂ ಉಂಟು, ಅದು ನಮ್ಮ ಜಿಲ್ಲೆಯದೇ. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಕಡೆ ಬೆಳಕು ಹರಿಯುವ ಮುನ್ನ ತೋಟದ ದಾರಿಯಲ್ಲಿ ಆನೆ ಇರುತ್ತದೆ. ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆಯ) ಮಗು ಮೂರೂವರೆಗೆ ಎದ್ದು, ಟಾರ್ಚು ಹಿಡಿದ ಅಪ್ಪನ ಜೊತೆ ಎರಡು ಕಿಲೋಮೀಟರ್ ನಡೆದು ಶಾಲೆ ತಲುಪಬೇಕು. ನಡುರಾತ್ರಿ ಅದೇ ದಾರಿಯಲ್ಲಿ ವಾಪಸು. ಹಾಗಾಗಿ ಮೊದಲ ಬೇಡಿಕೆ: ಬೆಂಗಳೂರಾದರೆ ಎರಡು ದಿನ, ಒಂದು ರಾತ್ರಿ. ಬೆಳಕು ಹರಿದ ಮೇಲೆ, 6.30ಕ್ಕೆ ಬಸ್ಸು ಹೊರಡಲಿ. ಅಷ್ಟು ಖರ್ಚು ಸಾಧ್ಯವಿಲ್ಲ ಎನ್ನುವ ಶಾಲೆ ಮೈಸೂರಿಗೆ ಹೋಗಿ ಒಂದೇ ದಿನದಲ್ಲಿ ಮುಗಿಸಲಿ. ಅದರ ಬಗ್ಗೆ ಮುಂದೆ ಬರೆದಿದ್ದೇವೆ. ಒಂದೇ ದಿನದಲ್ಲಿ ಬೆಂಗಳೂರು ಮಾತ್ರ ಬೇಡ.

ಇನ್ನು ವಾರದ ಲೆಕ್ಕ. ಎಲ್ಲರೂ ಎಡವುವುದು ಇಲ್ಲೇ. ನೆಹರೂ ತಾರಾಲಯಕ್ಕೆ ಸೋಮವಾರ ರಜೆ, ಅದರ ಮೇಲೆ ತಿಂಗಳ ಎರಡನೇ ಮಂಗಳವಾರವೂ ರಜೆ. ಆಧುನಿಕ ಕಲೆಯ ರಾಷ್ಟ್ರೀಯ ಗ್ಯಾಲರಿ ಸೋಮವಾರ ಮುಚ್ಚಿರುತ್ತದೆ. ಬನ್ನೇರುಘಟ್ಟ ಮತ್ತು ಮೈಸೂರು ಮೃಗಾಲಯ ಎರಡಕ್ಕೂ ಮಂಗಳವಾರ ರಜೆ. ಶನಿವಾರ, ಭಾನುವಾರ ಎಲ್ಲವೂ ತೆರೆದಿರುತ್ತವೆ, ಆದರೆ ಅರ್ಧ ಬೆಂಗಳೂರೇ ಅಲ್ಲಿ ಬಂದಿರುತ್ತದೆ. ಉಳಿಯುವುದು ಬುಧವಾರ, ಗುರುವಾರ, ಶುಕ್ರವಾರ. ಅದರಲ್ಲಿ ಬುಧವಾರ, ಗುರುವಾರ ಒಳ್ಳೆಯ ಜೋಡಿ. ತಿಂಗಳ ಮಟ್ಟಿಗೆ ನವೆಂಬರ್ ಮಧ್ಯದಿಂದ ಡಿಸೆಂಬರ್ ಮಧ್ಯದವರೆಗೆ ಅನುಕೂಲ, ಸುಗ್ಗಿ ಹಬ್ಬ ಪುತ್ತರಿಯ ವಾರ ಬಿಟ್ಟು. ಅದರಾಚೆ ಕಾಫಿ ಕೊಯ್ಲು ಬಿರುಸಾಗುತ್ತದೆ. ಮಗುವನ್ನು ಬಿಡಲು, ಕರೆದೊಯ್ಯಲು ಮನೆಯಲ್ಲಿ ಯಾರೂ ಸಿಗುವುದಿಲ್ಲ. ಜನವರಿ ಕೊನೆಯಲ್ಲಿ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಇರುವಾಗ ಲಾಲ್‌ಬಾಗಿಗೆ ಮಕ್ಕಳನ್ನು ಕರೆದುಕೊಂಡು ಹೋಗುವುದೆಂದರೆ ಹೂವು ಕಾಣುವುದಿಲ್ಲ, ಮುಂದಿನವರ ಬೆನ್ನು ಕಾಣುತ್ತದೆ.

ದಾರಿಯ ವಿಷಯ. ಮಡಿಕೇರಿಯಿಂದ ಕುಶಾಲನಗರದವರೆಗೆ ತಿರುವುಗಳು. ಹೊಟ್ಟೆ ತೊಳಸುವ ಮಕ್ಕಳು ಯಾರೆಂದು ಮನೆಯವರನ್ನೇ ಕೇಳಿ ಪಟ್ಟಿ ಮಾಡಿ, ಮುಂದಿನ ನಾಲ್ಕು ಸಾಲಿನಲ್ಲಿ ಕಿಟಕಿ ಪಕ್ಕ ಕೂರಿಸಿ. ಹಿಂದಿನ ಚಕ್ರದ ಮೇಲಿನ ಸೀಟು ಅವರಿಗೆ ಬೇಡವೇ ಬೇಡ. ಅಲ್ಲಿ ಬಸ್ಸು ಹೆಚ್ಚು ಕುಲುಕುತ್ತದೆ. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸುವುದು ತಪ್ಪು, ಖಾಲಿ ಹೊಟ್ಟೆಯೂ ತಪ್ಪು. ಎರಡು ಬಿಸ್ಕತ್ತು, ಅರ್ಧ ಲೋಟ ನೀರು ಸಾಕು. ತಿಂಡಿ ಕುಶಾಲನಗರ ದಾಟಿ ರಸ್ತೆ ನೇರವಾದ ಮೇಲೆ. ಮಾತ್ರೆ ಕೊಡುವುದಾದರೆ ಪೋಷಕರು ಬರೆದುಕೊಟ್ಟಿರಬೇಕು, ಅವರೇ ಕಳಿಸಿದ ಮಾತ್ರೆಯಾಗಿರಬೇಕು, ಬಸ್ಸು ಹತ್ತುವ ಅರ್ಧ ಗಂಟೆ ಮೊದಲು ಕೊಡಬೇಕು. ವಾಂತಿ ಶುರುವಾದ ಮೇಲೆ ಕೊಟ್ಟರೆ ಮಾತ್ರೆಯೂ ಹೊರಗೆ ಬರುತ್ತದೆ. ಒಬ್ಬರು ವಾಂತಿ ಮಾಡಿದರೆ ವಾಸನೆಗೆ ಇನ್ನು ನಾಲ್ಕು ಮಂದಿ. ಆದ್ದರಿಂದ ಮರದ ಹೊಟ್ಟು ಒಂದು ಚೀಲ, ಹಳೆ ಪೇಪರು, ಕಾಗದದ ಕವರು ಚಾಲಕರ ಹಿಂದಿನ ಸೀಟಿನ ಕೆಳಗೇ ಇರಲಿ. ಡಿಕ್ಕಿಯಲ್ಲಿಟ್ಟರೆ ಬೇಕಾದಾಗ ಸಿಗುವುದಿಲ್ಲ.

ಮೈಸೂರಿನಿಂದಾಚೆ ದಶಪಥ ಹೆದ್ದಾರಿಯಲ್ಲಿ ಬಸ್ಸು ಸಲೀಸಾಗಿ ಓಡುತ್ತದೆ, ಆದರೆ ಆ ರಸ್ತೆ ಮಂಡ್ಯ, ಚನ್ನಪಟ್ಟಣ, ರಾಮನಗರ ಊರುಗಳನ್ನು ಹೊರಗಿಟ್ಟೇ ಸಾಗುತ್ತದೆ. ಹಳೆ ರಸ್ತೆಯಲ್ಲಿದ್ದಂತೆ ಹೆಜ್ಜೆಗೊಂದು ಹೋಟೆಲು, ಶೌಚಾಲಯ ಇಲ್ಲಿಲ್ಲ. ಸರ್ವಿಸ್ ರಸ್ತೆಗೆ ಇಳಿದರೆ ಮತ್ತೆ ಹತ್ತುವುದು ಎಲ್ಲೋ ಮುಂದೆ. ಹೆಣ್ಣುಮಕ್ಕಳು ಇದಕ್ಕೇ ಹೆದರಿ ಬೆಳಗಿನಿಂದ ನೀರೇ ಕುಡಿಯುವುದಿಲ್ಲ, ಮಧ್ಯಾಹ್ನ ತಲೆ ಸುತ್ತಿ ಬೀಳುತ್ತಾರೆ. ಹುಣಸೂರಿನಲ್ಲಿ ಒಮ್ಮೆ, ದಶಪಥ ಹತ್ತುವ ಮೊದಲು ಇನ್ನೊಮ್ಮೆ ಕಡ್ಡಾಯವಾಗಿ ನಿಲ್ಲಿಸಿ. ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ ಕಡೆಯ ಶಾಲೆಗಳಿಗೆ ಮೈಸೂರು ಸುತ್ತು ದಾರಿ. ಹಾಸನದ ಮೇಲೆ ನೆಲಮಂಗಲಕ್ಕೆ ಬಂದು ಮಾದಾವರದಲ್ಲಿ ಹಸಿರು ಮಾರ್ಗದ ಮೆಟ್ರೋ ಹಿಡಿಯಬಹುದು.

ಮೆಟ್ರೋ ಎಂದೆವಲ್ಲ, ಈ ಪತ್ರದ ಮುಖ್ಯ ಸಲಹೆ ಅದೇ. ಬಸ್ಸನ್ನು ನಗರದೊಳಗೆ ಒಯ್ಯಬೇಡಿ. ಕಸ್ತೂರಬಾ ರಸ್ತೆಯಲ್ಲಿ ಉದ್ದದ ಬಸ್ಸು ನಿಲ್ಲಿಸಲು ಜಾಗವೇ ಇಲ್ಲ. ಮಕ್ಕಳನ್ನು ಇಳಿಸುವಷ್ಟರಲ್ಲಿ ಪೊಲೀಸರು ಶಿಳ್ಳೆ ಹೊಡೆಯುತ್ತಾರೆ, ಚಾಲಕ ಎಲ್ಲೋ ಎರಡು ಕಿಲೋಮೀಟರ್ ಆಚೆ ನಿಲ್ಲಿಸಿ, ಕರೆದಾಗ ಬರಲು ಮುಕ್ಕಾಲು ಗಂಟೆ. ಬದಲಿಗೆ ರಾತ್ರಿಯ ವಸತಿಯನ್ನು ಕೆಂಗೇರಿ–ಬಿಡದಿ ಕಡೆಯೇ ಗೊತ್ತು ಮಾಡಿ. ಬಸ್ಸು ಅಲ್ಲೇ ಉಳಿಯಲಿ. ನೇರಳೆ ಮಾರ್ಗ ಚಲ್ಲಘಟ್ಟದಿಂದ ಶುರುವಾಗಿ ಕೆಂಗೇರಿಯ ಮೇಲೆ ಮೆಜೆಸ್ಟಿಕ್, ವಿಧಾನಸೌಧ, ಕಬ್ಬನ್ ಪಾರ್ಕು ದಾಟಿ ವೈಟ್‌ಫೀಲ್ಡಿಗೆ ಹೋಗುತ್ತದೆ. ಲಾಲ್‌ಬಾಗ್ ಒಂದು ಬಿಟ್ಟು ನಮಗೆ ಬೇಕಾದದ್ದೆಲ್ಲ ಅದರ ಮೇಲೆಯೇ ಇದೆ. ರೈಲೇ ಇಲ್ಲದ ಜಿಲ್ಲೆಯ ಮಕ್ಕಳಿಗೆ ಆ ಪ್ರಯಾಣವೂ ಒಂದು ನೋಟ.

ಆದರೆ ಮೆಟ್ರೋ ನಮ್ಮ ಗುಂಪಿಗಾಗಿ ಕಾಯುವುದಿಲ್ಲ. ಬಾಗಿಲು ತೆರೆದಿರುವುದು ಅರ್ಧ ನಿಮಿಷವೂ ಇಲ್ಲ, 45 ಮಕ್ಕಳು ಒಂದೇ ಬಾಗಿಲಿಗೆ ನುಗ್ಗಿದರೆ ಹತ್ತು ಮಂದಿ ಪ್ಲಾಟ್‌ಫಾರಂನಲ್ಲೇ ಉಳಿಯುತ್ತಾರೆ. ಹನ್ನೊಂದು ಹನ್ನೆರಡು ಮಕ್ಕಳ ನಾಲ್ಕು ತಂಡ ಮಾಡಿ, ತಂಡಕ್ಕೊಬ್ಬರು ಶಿಕ್ಷಕರು, ನಾಲ್ಕು ತಂಡ ನಾಲ್ಕು ಬಾಗಿಲ ಎದುರು. ಶಿಕ್ಷಕರು ಕೊನೆಗೆ ಹತ್ತಬೇಕು, ಮೊದಲು ಇಳಿಯಬಾರದು. ತಪ್ಪಿಸಿಕೊಂಡರೆ ಏನು ಮಾಡಬೇಕೆಂದು ಶಾಲೆಯಲ್ಲೇ ಬಾಯಿಪಾಠ ಮಾಡಿಸಿ: ಪ್ಲಾಟ್‌ಫಾರಂನಲ್ಲಿ ಉಳಿದವರು ಅಲ್ಲೇ ನಿಲ್ಲುವುದು, ಮುಂದಿನ ರೈಲು ಹತ್ತಬಾರದು, ರೈಲಿನಲ್ಲಿ ಒಂಟಿಯಾದವರು ಮುಂದಿನ ನಿಲ್ದಾಣದಲ್ಲಿ ಇಳಿದು ಅಲ್ಲೇ ನಿಲ್ಲುವುದು. ಹುಡುಕುವವರು ಶಿಕ್ಷಕರು ಮಾತ್ರ. ಇಬ್ಬರೂ ಒಬ್ಬರನ್ನೊಬ್ಬರು ಹುಡುಕಲು ಹೊರಟರೆ ಇಡೀ ಮಧ್ಯಾಹ್ನ ಹೋಯಿತು. ಮೊಬೈಲ್ ಸಂಖ್ಯೆ ಬರೆದ ಚೀಟಿ ಪ್ರತಿ ಮಗುವಿನ ಕಿಸೆಯಲ್ಲಿರಲಿ. ಕೊರಳಿಗೆ ನೇತುಹಾಕಿದ ಕಾರ್ಡಿನಲ್ಲಿ ಮಗುವಿನ ಹೆಸರು ಊರೆಲ್ಲ ಓದುವಂತೆ ಬರೆಯುವುದು ಬೇಡ.

ಮೊದಲ ಸಲ ಎಸ್ಕಲೇಟರ್ ಹತ್ತುವ ಮಗು ಮೆಟ್ಟಿಲ ಬುಡದಲ್ಲಿ ನಿಂತುಬಿಡುತ್ತದೆ, ಹಿಂದಿನವರು ಮುಗ್ಗರಿಸುತ್ತಾರೆ. ಹೆದರುವವರಿಗೆ ಪಕ್ಕದ ಸಾದಾ ಮೆಟ್ಟಿಲು. ದುಪಟ್ಟಾ, ಶೂ ಲೇಸು ಬಿಗಿಯಾಗಿ ಕಟ್ಟಿರಲಿ. ಚೀಲಗಳ ತಪಾಸಣೆಗೆ ಯಂತ್ರ ಇದೆ. 45 ಚೀಲ, 45 ಟಿಫನ್ ಡಬ್ಬಿ ಸಾಗಲು ಇಪ್ಪತ್ತು ನಿಮಿಷ. ಚೀಲ ಬಸ್ಸಿನಲ್ಲಿರಲಿ, ಕೈಯಲ್ಲಿ ನೀರಿನ ಬಾಟಲು ಮಾತ್ರ. ತೋಟದ ಮನೆಯ ಹುಡುಗರ ಕಿಸೆ ಒಮ್ಮೆ ನೋಡಿಬಿಡಿ. ಸಣ್ಣ ಚೂರಿ ಇರುವುದು ಅಪರೂಪವಲ್ಲ. ಕೋವಿಗೆ ಕೊಡವರಿಗಿರುವ ವಿನಾಯಿತಿಯನ್ನು ಮೆಟ್ರೋ ಕಾವಲಿನವರ ಮುಂದೆ ಹೇಳಿ ಪ್ರಯೋಜನವಿಲ್ಲ. ಬೆಳಿಗ್ಗೆ ಎಂಟರಿಂದ ಹತ್ತೂವರೆ, ಸಂಜೆ ಐದರಿಂದ ಎಂಟು, ಈ ಎರಡು ಹೊತ್ತು ರೈಲು ಹತ್ತಲೇಬೇಡಿ. ಕೆಳಗಿನ ವೇಳಾಪಟ್ಟಿ ಅದನ್ನು ತಪ್ಪಿಸಿಯೇ ಮಾಡಿದ್ದು.

ಮೊದಲ ದಿನ ಹನ್ನೆರಡರ ಹೊತ್ತಿಗೆ ಕೆಂಗೇರಿ. ಅಲ್ಲಿ ಊಟ ಮುಗಿಸಿ ಒಂದಕ್ಕೆ ಮೆಟ್ರೋ. ಕಬ್ಬನ್ ಪಾರ್ಕು ನಿಲ್ದಾಣದಲ್ಲಿ ಇಳಿದು ಕಸ್ತೂರಬಾ ರಸ್ತೆಯಲ್ಲಿ ಒಂದು ಕಿಲೋಮೀಟರಿನಷ್ಟು ನಡಿಗೆ. ನಾಲ್ಕು ತಂಡ, ಫುಟ್‌ಪಾತಿನ ಮೇಲೆ ಇಬ್ಬಿಬ್ಬರು. ಎರಡಕ್ಕೆಲ್ಲ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯ. ಆ ದಿನಕ್ಕೆ ಅದೊಂದೇ. ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ತೆರೆದಿರುತ್ತದೆ, ಶಾಲಾ ಗುಂಪಿಗೆ ದರ ಬೇರೆ; ಮುಖ್ಯ ಶಿಕ್ಷಕರ ಸಹಿ, ಮೊಹರು ಇರುವ ಪತ್ರದಲ್ಲಿ ಮಕ್ಕಳ ಸಂಖ್ಯೆ, ತರಗತಿ ಸ್ಪಷ್ಟವಾಗಿ ಬರೆದಿರಬೇಕು. ಎರಡು ಪ್ರತಿ ಇಟ್ಟುಕೊಳ್ಳಿ, ಒಂದನ್ನು ಕೌಂಟರಿನವರು ತೆಗೆದುಕೊಳ್ಳುತ್ತಾರೆ.

ಒಳಗೆ ಹೋದ ಮೇಲೆ ಎಲ್ಲ ಶಾಲೆಗಳೂ ನೆಲಮಹಡಿಯಿಂದಲೇ ಶುರು ಮಾಡುತ್ತವೆ, ಎಂಜಿನ್ನುಗಳ ಸಭಾಂಗಣ ಅಲ್ಲೇ ಕಣ್ಣಿಗೆ ಬೀಳುವುದರಿಂದ. ಮುಕ್ಕಾಲು ಗಂಟೆ ಅಲ್ಲೇ ಕಳೆದು, ಮೇಲಿನ ಮಹಡಿಗಳಿಗೆ ಹೋಗುವಾಗ ಮಕ್ಕಳ ಕಾಲು ಸೋತಿರುತ್ತದೆ. ನೀವು ತಿರುವುಮುರುವು ಮಾಡಿ: ಮೊದಲು ಮೇಲೆ, ಆಮೇಲೆ ಇಳಿಯುತ್ತ ಬನ್ನಿ. ಎರಡು ತಂಡ ಮೇಲಿನಿಂದ, ಎರಡು ತಂಡ ನಡುವಿನಿಂದ ಶುರು ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲಿರುವುದು ಮುಟ್ಟಿ, ತಿರುಗಿಸಿ, ಗುಂಡಿ ಒತ್ತಿ ನೋಡುವ ವಸ್ತುಗಳು. 45 ಮಕ್ಕಳು ಒಟ್ಟಿಗೆ ಮುತ್ತಿದರೆ ಮುಂದಿನ ಐವರು ಒತ್ತುತ್ತಾರೆ, ಉಳಿದ ನಲವತ್ತು ಮಂದಿ ಅವರ ತಲೆ ನೋಡುತ್ತಾರೆ. ಇನ್ನೊಂದು ಸಾಮಾನ್ಯ ತಪ್ಪು, ಗುಂಡಿ ಒತ್ತಿ ಓಡಿಬಿಡುವುದು. ಯಂತ್ರ ಕೆಲಸ ಮಾಡಿ ಮುಗಿಸುವಾಗ ಎದುರಿಗೆ ಯಾರೂ ಇರುವುದಿಲ್ಲ. ‘ಒತ್ತು, ಹತ್ತು ಎಣಿಸು, ನೋಡು, ಆಮೇಲೆ ಕದಲು’ ಎಂಬ ನಿಯಮವನ್ನು ಮೊದಲೇ ಹೇಳಿಕೊಡಿ.

ಅಲ್ಲಿ ರೈಟ್ ಸಹೋದರರ ವಿಮಾನದ ನಿಜ ಅಳತೆಯ ಪ್ರತಿಕೃತಿ ಇದೆ. ಇದಕ್ಕೆ ತಯಾರಿ ಮಡಿಕೇರಿಯಲ್ಲೇ ಆಗಬೇಕು. 1903ರ ಡಿಸೆಂಬರ್ 17ರಂದು ಅದರ ಮೊದಲ ಹಾರಾಟ 12 ಸೆಕೆಂಡು, 120 ಅಡಿ. ಅದೇ ದಿನದ ನಾಲ್ಕನೆಯ ಹಾರಾಟ 59 ಸೆಕೆಂಡು, 852 ಅಡಿ. ಹೊರಡುವ ವಾರ ಶಾಲೆಯ ಮೈದಾನದಲ್ಲಿ ಟೇಪು ಹಿಡಿದು 120 ಅಡಿ ಅಳೆಸಿ, ಸುಣ್ಣದ ಗೆರೆ ಎಳೆಸಿ, ಒಬ್ಬ ಹುಡುಗಿಯನ್ನು ಓಡಿಸಿ ಗಡಿಯಾರ ನೋಡಿ. ಅವಳು ಆ ವಿಮಾನಕ್ಕಿಂತ ಬೇಗ ಮುಟ್ಟುತ್ತಾಳೆ. ರೆಕ್ಕೆಯ ಅಗಲ 40 ಅಡಿ ಚಿಲ್ಲರೆ, ಎರಡು ತರಗತಿ ಕೋಣೆಗಳನ್ನು ಸೇರಿಸಿದಷ್ಟು. ಇಷ್ಟು ಮಾಡಿಸಿ ಕರೆದುಕೊಂಡು ಹೋದರೆ ಆ ಮರ ಬಟ್ಟೆಯ ಯಂತ್ರದ ಮುಂದೆ ಮಕ್ಕಳು ತಾವಾಗಿಯೇ ನಿಲ್ಲುತ್ತಾರೆ. ಮಾಡಿಸದಿದ್ದರೆ ಅಲುಗಾಡುವ ಡೈನೋಸಾರ್ ಒಂದೇ ಗೆಲ್ಲುತ್ತದೆ.

ವಿವರ ಫಲಕಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವ ಪದ್ಧತಿಯನ್ನು ದಯವಿಟ್ಟು ನಿಲ್ಲಿಸಿ. ಮಗು ಇಪ್ಪತ್ತು ನಿಮಿಷ ತಲೆ ಬಗ್ಗಿಸಿ ಅಕ್ಷರ ನಕಲು ಮಾಡುತ್ತದೆ, ವಸ್ತುವಿನ ಕಡೆ ತಲೆಯೆತ್ತುವುದಿಲ್ಲ. ಅದರ ಬದಲು ಮಗುವಿಗೆ ಮೂರೇ ಪ್ರಶ್ನೆ, ಒಂದು ಚಿತ್ರ. ಪ್ರಶ್ನೆ ಫಲಕ ಓದಿ ಉತ್ತರಿಸುವಂಥದ್ದಾಗಿರದೆ, ನೋಡಿ ಉತ್ತರಿಸುವಂಥದ್ದಾಗಿರಬೇಕು: ಈ ಎಂಜಿನ್ನಿನಲ್ಲಿ ಮೊದಲು ಅಲುಗುವ ಭಾಗ ಯಾವುದು? ನಿಮ್ಮ ಊರಿನ ಕಾಫಿ ಪಲ್ಪರಿನಲ್ಲಿ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದಲ್ಲಿ) ಇಂಥದೇ ಚಕ್ರ ಎಲ್ಲಿದೆ? ಎರಡನೆಯ ಪ್ರಶ್ನೆಗೆ ಲೈನ್ ಮನೆಯ ಮಕ್ಕಳು ಉಳಿದವರಿಗಿಂತ ಮುಂದೆ ಇರುತ್ತಾರೆ. ಒಂದೂವರೆ ಗಂಟೆ ಆದ ಮೇಲೆ ಯಾವ ಮಗುವಿನ ತಲೆಗೂ ಏನೂ ಹೋಗುವುದಿಲ್ಲ, ಬೆಂಚು ಹುಡುಕುತ್ತವೆ. 4.15ಕ್ಕೆ ಹೊರಗೆ, 4.45ರೊಳಗೆ ಮೆಟ್ರೋ, ಸಂದಣಿ ಏರುವ ಮೊದಲೇ ಕೆಂಗೇರಿಯ ದಾರಿ.

ಕುಶಾಲನಗರದಂಥ ಕಡೆಯಿಂದ ಬರುವ ಶಾಲೆಗೆ ಮುಕ್ಕಾಲು ಗಂಟೆ ಉಳಿತಾಯವಾಗುತ್ತದೆ. ಅವರು ಅದೇ ರಸ್ತೆಯ ಸರ್ಕಾರಿ ವಸ್ತು ಸಂಗ್ರಹಾಲಯಕ್ಕೆ ಹೋಗಬಹುದು, ಆದರೆ ಇಡೀ ಸಂಗ್ರಹಾಲಯ ನೋಡಲು ಅಲ್ಲ, ಒಂದು ಕಲ್ಲು ನೋಡಲು. ಕೆಂಪು ಬಣ್ಣದ ಆ ಕಟ್ಟಡ 1877ರದು, ದುರಸ್ತಿಗೆಂದು ಮುಚ್ಚಿರುವುದೂ ಉಂಟು, ಹಾಗಾಗಿ ಹಿಂದಿನ ದಿನ ಫೋನು ಮಾಡಿ. ಕಲ್ಲು ಆತಕೂರಿನದು, ಮಂಡ್ಯ ಜಿಲ್ಲೆಯಿಂದ ಬಂದದ್ದು, ಕ್ರಿ.ಶ. 949ರ ಸುಮಾರಿನದು. ಗಂಗರ ಬೂತುಗ ತನ್ನ ವೀರ ಮಣಲೆರನಿಗೆ ಕೊಟ್ಟ ಕಾಳಿ ಎಂಬ ನಾಯಿ ದೊಡ್ಡ ಹಂದಿಯೊಂದನ್ನು ಎದುರಿಸಿತು, ಎರಡೂ ಸತ್ತವು, ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿದರು. ನಾಯಿ ಹಂದಿ ಸೆಣಸುವ ಕೆತ್ತನೆ ಕಲ್ಲಿನ ಮೇಲೆಯೇ ಇದೆ. ತೋಟಕ್ಕೆ ಹಂದಿ ನುಗ್ಗುವುದನ್ನು, ನಾಯಿ ಅಟ್ಟುವುದನ್ನು ಕಂಡು ಬೆಳೆದ ಮಕ್ಕಳಿಗೆ ಈ ಕಲ್ಲಿಗೆ ವಿವರಣೆ ಬೇಕಿಲ್ಲ. ಕೊಡಗಿನ ಕೊಳ್ಳೆಕಲ್ಲುಗಳನ್ನು, ಅಂದರೆ ವೀರಗಲ್ಲುಗಳನ್ನು, ಊರಲ್ಲೇ ಮೊದಲು ತೋರಿಸಿರಬೇಕು, ಅಷ್ಟೆ. ಹದಿನೈದು ನಿಮಿಷ ಸಾಕು.

ಎರಡನೆಯ ದಿನ ಬೆಳಿಗ್ಗೆ 6.30ಕ್ಕೆ ಮೆಟ್ರೋ, ಮೆಜೆಸ್ಟಿಕ್ಕಿನಲ್ಲಿ ಹಸಿರು ಮಾರ್ಗಕ್ಕೆ ಬದಲಾವಣೆ. ಇಲ್ಲಿ ಗುಂಪು ಒಡೆಯುವ ಅಪಾಯ ಹೆಚ್ಚು: ಎಲ್ಲ ತಂಡವೂ ಪ್ಲಾಟ್‌ಫಾರಂನಲ್ಲೇ ನಿಂತು ಎಣಿಸಿ, ಆಮೇಲೆ ಹೆಜ್ಜೆ ಇಡಿ. ಲಾಲ್‌ಬಾಗ್ ನಿಲ್ದಾಣದಿಂದ ಪಶ್ಚಿಮದ ಗೇಟು ಹತ್ತಿರ. 240 ಎಕರೆ ಸುತ್ತುವ ಆಸೆ ಬೇಡ. ಕೆಂಪೇಗೌಡ ಗೋಪುರ ಇರುವ ಬಂಡೆ, ಅಲ್ಲಿಂದ ಗಾಜಿನ ಮನೆ, ಮುಗಿಯಿತು. ಆ ಬಂಡೆ ಸುಮಾರು 300 ಕೋಟಿ ವರ್ಷ ಹಳೆಯದು. ಭೂವೈಜ್ಞಾನಿಕ ಸ್ಮಾರಕ ಎಂದು ಫಲಕವೂ ಇದೆ. ಎಂಟು ಗಂಟೆಯೊಳಗೆ ಹತ್ತಿಸಿ, ಬಿಸಿಲೇರಿದರೆ ಕಾಲಿಡಲಾಗುವುದಿಲ್ಲ. ಮರದ ಹೆಸರು ಕೇಳಿದರೆ ನಮ್ಮ ಮಕ್ಕಳೇ ಹೇಳಬಲ್ಲರು, ಹಾಗಾಗಿ ಅದಕ್ಕೆ ಸಮಯ ಕೊಡುವುದು ಬೇಡ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ. ತಿಂಡಿ ಗೇಟಿನಿಂದ ಹೊರಬಂದ ಮೇಲೆ ಹೋಟೆಲಿನಲ್ಲಿ, ಹಿಂದಿನ ದಿನವೇ 50 ಮಂದಿಗೆ ಎಂದು ಹೇಳಿಟ್ಟು. ಹೇಳದೆ ಹೋದರೆ ಇಡ್ಲಿ ಬೇಯಲು ಕಾದೇ ಒಂದು ಗಂಟೆ ಹೋಗುತ್ತದೆ.

ಹತ್ತೂವರೆಯ ಮೇಲೆ ಮೆಟ್ರೋದಲ್ಲಿ ವಿಧಾನಸೌಧ ನಿಲ್ದಾಣ, ಸೌಧವನ್ನು ಹೊರಗಿನಿಂದ ಹತ್ತು ನಿಮಿಷ ನೋಡಿ ತಾರಾಲಯಕ್ಕೆ ಅರ್ಧ ಗಂಟೆಯ ನಡಿಗೆ. ತಾರಾಲಯವನ್ನು ಊಟಕ್ಕೆ ಮುಂಚೆಯೇ ಇಟ್ಟಿರುವುದಕ್ಕೆ ಕಾರಣ ಇದೆ. ಒರಗುವ ಕುರ್ಚಿ, ಕತ್ತಲು, ತಂಪು, ಮೆಲುದನಿಯ ವಿವರಣೆ. ಮುಂಜಾನೆ ನಾಲ್ಕಕ್ಕೆ ಎದ್ದು ಬಂದ ಮಕ್ಕಳನ್ನು ಅನ್ನ ಸಾರು ತಿನ್ನಿಸಿ ಅಲ್ಲಿ ಕೂರಿಸಿದರೆ ಐದನೇ ನಿಮಿಷಕ್ಕೆ ಅರ್ಧ ತರಗತಿ ನಿದ್ದೆ, ಶಿಕ್ಷಕರೂ ಸೇರಿ. ಪ್ರದರ್ಶನಗಳು ಕನ್ನಡದಲ್ಲಿ ಬೇರೆ, ಇಂಗ್ಲಿಷಿನಲ್ಲಿ ಬೇರೆ. ಕನ್ನಡದ್ದು ಎಷ್ಟು ಗಂಟೆಗೆ ಎಂದು ಕೇಳಿ ಮುಂಗಡ ಕಾಯ್ದಿರಿಸಿ. ವೇಳಾಪಟ್ಟಿಯನ್ನು ಅದಕ್ಕೆ ಹೊಂದಿಸಿ, ಅದನ್ನು ವೇಳಾಪಟ್ಟಿಗೆ ಹೊಂದಿಸಲು ಆಗುವುದಿಲ್ಲ. ಶುರುವಾದ ಮೇಲೆ ಬಂದವರನ್ನು ಒಳಗೆ ಬಿಡುವುದಿಲ್ಲ, ಅರ್ಧ ಗಂಟೆ ಮೊದಲೇ ತಲುಪಿ. ಕಾಯುವ ಹೊತ್ತಿಗೆ ಅಂಗಳದಲ್ಲೇ ವಿಜ್ಞಾನದ ಆಟಿಕೆಗಳಿರುವ ಉದ್ಯಾನ ಇದೆ. ಎರಡೂವರೆಗೆ ಕೆಂಗೇರಿ, ತಡವಾದ ಊಟ, ರಾತ್ರಿ ಒಂಬತ್ತರ ಸುಮಾರಿಗೆ ಮಡಿಕೇರಿ. ಗೋಣಿಕೊಪ್ಪ, ವಿರಾಜಪೇಟೆಯವರು ಆನೆಚೌಕೂರು–ತಿತಿಮತಿ ಕಾಡಿನ ದಾರಿಯಲ್ಲಿ ನಿಧಾನವಾಗಿ ಬರಬೇಕಾಗುತ್ತದೆ, ಆ ಅರ್ಧ ಗಂಟೆಯನ್ನು ಮೊದಲೇ ಸೇರಿಸಿಕೊಳ್ಳಿ.

ಟಿಪ್ಪುವಿನ ಬೇಸಿಗೆ ಅರಮನೆ ಎಲ್ಲಿ ಹೋಯಿತು ಎಂದು ಕೆಲವರು ಕೇಳಬಹುದು. 1791ರಲ್ಲಿ ಪೂರ್ಣಗೊಂಡ ಆ ಮರದ ಕಟ್ಟಡ ನೋಡತಕ್ಕದ್ದೇ, 15 ವರ್ಷದೊಳಗಿನವರಿಗೆ ಟಿಕೆಟ್ಟೂ ಇಲ್ಲ. ಆದರೆ ಕೊಡಗಿನ ಮಕ್ಕಳು ಅಲ್ಲಿಗೆ ಟಿಪ್ಪುವಿನ ಬಗ್ಗೆ ಮನೆಯಲ್ಲಿ ಕೇಳಿದ ಮಾತುಗಳೊಂದಿಗೆ ಬರುತ್ತಾರೆ, ಒಂದೊಂದು ಮನೆಯ ಮಾತು ಒಂದೊಂದು ತರ. ಉತ್ತರಿಸಲು ಶಿಕ್ಷಕರು ಓದಿಕೊಂಡಿದ್ದರೆ ಕರೆದೊಯ್ಯಲಿ. ಇಲ್ಲದಿದ್ದರೆ ಇಪ್ಪತ್ತು ನಿಮಿಷದ ಭೇಟಿಯಲ್ಲಿ ಜಗಳ ಮಾತ್ರ ಉಳಿಯುತ್ತದೆ.

ಬುತ್ತಿಯ ಬಗ್ಗೆ ಎರಡು ಮಾತು. ಮೊದಲ ದಿನದ ಊಟವನ್ನು ಮನೆಯಿಂದಲೇ ತರುವಂತೆ ಹೇಳಿದರೆ ತೆಂಗಿನಕಾಯಿ ಚಟ್ನಿ ಬೇಡ, ಬಸ್ಸಿನ ಸೆಕೆಗೆ ಮಧ್ಯಾಹ್ನದೊಳಗೆ ಹಳಸುತ್ತದೆ. ಅಕ್ಕಿ ರೊಟ್ಟಿ ಕೆಡುವುದಿಲ್ಲ, ಆದರೆ ಚರ್ಮದಂತಾಗುತ್ತದೆ. ಪುಳಿಯೋಗರೆ ತಡೆಯುತ್ತದೆ.

ಮೈಸೂರಿಗೆ ಹೋಗುವವರು ಎರಡು ಜಾಗಕ್ಕೆ ನಿಲ್ಲಿಸಲಿ: ಅರಮನೆ, ಮತ್ತು ಕಾರಂಜಿ ಕೆರೆಯ ದಂಡೆಯ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯ. ಎರಡನೆಯದಕ್ಕೆ ಸೋಮವಾರ ರಜೆ. ಹೆನ್ರಿ ಇರ್ವಿನ್ ವಿನ್ಯಾಸದ ಈ ಅರಮನೆ 1912ರಲ್ಲಿ ಮುಗಿದದ್ದು; ಮೊದಲಿನ ಮರದ ಅರಮನೆ 1897ರ ಬೆಂಕಿಗೆ ಆಹುತಿಯಾದ ಮೇಲೆ ಕಟ್ಟಿದ್ದು ಎಂಬುದನ್ನು ಬಸ್ಸಿನಲ್ಲೇ ಹೇಳಿಬಿಡಿ, ಒಳಗೆ ಮಾತು ಕೇಳಿಸುವುದಿಲ್ಲ. ಅಲ್ಲಿ ಸಮಯ ತಿನ್ನುವುದು ದರ್ಬಾರು ಹಾಲ್ ಅಲ್ಲ, ಚಪ್ಪಲಿ ಸ್ಟ್ಯಾಂಡು. ಎಲ್ಲ ಮಕ್ಕಳದ್ದೂ ಒಂದೇ ಕಪ್ಪು ಶೂ, ಒಂದೇ ಅಳತೆಯವು ಹತ್ತು ಜೊತೆ. ಹೊರಬಂದ ಮೇಲೆ ಹುಡುಕಾಟಕ್ಕೆ ಅರ್ಧ ಗಂಟೆ. ಶೂ ಒಳಗೆ ಸೀಮೆಸುಣ್ಣದಲ್ಲಿ ಮಗುವಿನ ಕ್ರಮಸಂಖ್ಯೆ ಬರೆಸಿ, ಎರಡು ಲೇಸು ಗಂಟು ಹಾಕಿಸಿ, ತಂಡಕ್ಕೊಂದು ಗೋಣಿಚೀಲದಲ್ಲಿ ತುಂಬಿ ಕೊಡಿ. ಐದು ನಿಮಿಷದ ಕೆಲಸ.

ಯಾವ ನಗರಕ್ಕೆ ಹೋದರೂ ಅದಕ್ಕೆ ಹದಿನೈದು ದಿನ ಮೊದಲು ಮಡಿಕೇರಿ ಕೋಟೆಯೊಳಗಿನ ವಸ್ತು ಸಂಗ್ರಹಾಲಯಕ್ಕೆ ಒಂದು ಮಧ್ಯಾಹ್ನ ಹೋಗಿ ಬನ್ನಿ. ಹಳೆಯ ಸೇಂಟ್ ಮಾರ್ಕ್ಸ್ ಚರ್ಚಿನೊಳಗೆ ಇರುವ ಚಿಕ್ಕ ಸಂಗ್ರಹ. ವಿಗ್ರಹ, ವೀರಗಲ್ಲು, ಆಯುಧ. ನಾಲ್ಕು ತಂಡ ಮಾಡುವುದು, ಎಣಿಸುವುದು, ಮುಟ್ಟದೆ ನೋಡುವುದು, ಮೂರು ಪ್ರಶ್ನೆಗೆ ಉತ್ತರ ಹುಡುಕುವುದು, ಇವೆಲ್ಲದರ ತಾಲೀಮು ಅಲ್ಲೇ ಆಗಲಿ. ಜೊತೆಗೆ ಜನರಲ್ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’, 2021ರ ಫೆಬ್ರವರಿಯಲ್ಲಿ ಸಂಗ್ರಹಾಲಯವಾಗಿ ತೆರೆದದ್ದು. ಬೆಂಗಳೂರು ಸುತ್ತಿ ಬಂದು ಇದನ್ನು ಕಂಡಿರದ ಮಡಿಕೇರಿಯ ಮಕ್ಕಳು ಎಷ್ಟೋ ಇದ್ದಾರೆ.

ಹಣದ ಲೆಕ್ಕದಲ್ಲಿ ಪ್ರವೇಶ ಶುಲ್ಕ ಚಿಲ್ಲರೆ, ಬಸ್ಸೇ ದೊಡ್ಡದು. ಕೆಎಸ್‌ಆರ್‌ಟಿಸಿಯ ಒಪ್ಪಂದದ ಬಸ್ಸಿಗೆ ದಿನಕ್ಕೆ ಇಷ್ಟು ಎಂದು ಕನಿಷ್ಠ ಕಿಲೋಮೀಟರಿನ ಲೆಕ್ಕ ಇರುತ್ತದೆ, ನಿಂತರೂ ಅಷ್ಟು ಕೊಡಬೇಕು. ಘಟಕಕ್ಕೆ ಹೋಗಿ ಲಿಖಿತ ದರ ಪಡೆದು, ಟೋಲು, ಚಾಲಕರ ಭತ್ಯೆ, ವಸತಿ, ಮೆಟ್ರೋ ಸೇರಿಸಿ, ಒಟ್ಟನ್ನು ಮಕ್ಕಳ ಸಂಖ್ಯೆಯಿಂದ ಭಾಗಿಸುವಾಗ 45ರಿಂದಲ್ಲ, 38ರಿಂದ ಭಾಗಿಸಿ. ಕೊಡಲಾಗದ ಏಳು ಮಕ್ಕಳು ಪ್ರತಿ ತರಗತಿಯಲ್ಲೂ ಇರುತ್ತಾರೆ, ಅವರ ಹೆಸರು ಕರೆದು ಕೈಯೆತ್ತಿಸುವ ಸಂದರ್ಭ ಬಾರದಿರಲಿ. ಮಾಲು, ಅರಮನೆ ಎಂದು ಜಾಗ ಕಡಿಮೆ ಮಾಡಿದರೆ ಉಳಿಯುವ ದುಡ್ಡೇ ಇದಕ್ಕೆ ಒದಗುತ್ತದೆ.

ಇಲಾಖೆಯವರಲ್ಲಿ ಕೇಳುವುದು ಮೂರು. ಪ್ರವಾಸದ ಅನುಮತಿ ಅರ್ಜಿಯ ಜೊತೆ ಸ್ಥಳಗಳ ಪಟ್ಟಿಯಷ್ಟೇ ಅಲ್ಲ, ಹೊರಡುವುದರಿಂದ ಮರಳುವವರೆಗಿನ ಗಂಟೆವಾರು ವೇಳಾಪಟ್ಟಿ ಕೇಳಿ. ಬೆಳಿಗ್ಗೆ ಆರಕ್ಕೆ ಮುಂಚೆ ಹೊರಡುವ, ರಾತ್ರಿ ಹತ್ತರ ನಂತರ ಮರಳುವ ಅರ್ಜಿಗಳನ್ನು ಹಿಂದಿರುಗಿಸಿ. ಜಾಗಗಳನ್ನು ಮೊದಲೇ ನಡೆದು ನೋಡಿ ಬರಲು ಶಾಲೆಗೊಬ್ಬ ಶಿಕ್ಷಕರಿಗೆ ಒಂದು ದಿನದ ಓಓಡಿ (ಅನ್ಯ ಕರ್ತವ್ಯದ ಅನುಮತಿ) ಕೊಡಿ. ಗಡಿಯಾರ ಹಿಡಿದು ಗೇಟಿನಿಂದ ಗೇಟಿಗೆ ಎಷ್ಟು ನಿಮಿಷ, ಶೌಚಾಲಯ ಎಲ್ಲಿ, ಇಂಗ್ಲಿಷ್ ಫಲಕ ಮಾತ್ರ ಇರುವುದೆಲ್ಲಿ ಎಂದು ಬರೆದು ತರುತ್ತಾರೆ. ಆ ಟಿಪ್ಪಣಿಗಳನ್ನು ತಾಲ್ಲೂಕು ಕಚೇರಿಯಲ್ಲಿ ಒಂದು ಕಡತ ಮಾಡಿ ಇಡಿ, ಮುಂದಿನ ಶಾಲೆ ಅದನ್ನೇ ನಕಲು ಮಾಡಿಕೊಂಡು ಹೋಗಲಿ. ಮೊದಲ ಪುಟಕ್ಕೆ ಈ ಪತ್ರದ ವೇಳಾಪಟ್ಟಿಯನ್ನೇ ಹಾಕಬಹುದು, ತಪ್ಪಿದ್ದಲ್ಲಿ ಕೆಂಪು ಶಾಯಿಯಲ್ಲಿ ತಿದ್ದಿ.

ಇಂತಿ,
ಶಾಲಾ ಪ್ರವಾಸ ಹೊಂದಿಸುವ ಶಿಕ್ಷಕರು ಮತ್ತು ಬಸ್ ಚಾಲಕರು
ಕೊಡಗು